ಶಾಲೆ ಬಿಡುವ ಟೀಚರ್ ಪಿಂಚಣಿಯನ್ನೂ ಬಿಡಬೇಕೇ? ಅರ್ಜಿಗೂ ಮುಂಚೆ ಪಾಸ್‌ಬುಕ್ ತೆರೆಯಿರಿ

ಮಾರ್ಚ್ ಕೊನೆಯ ವಾರ. ಬಾಗಲಕೋಟೆ ನವನಗರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತ ಕೂತಿದ್ದೆವು. ಎದುರಿಗಿದ್ದ ಸಮಾಜ ವಿಜ್ಞಾನದ ಟೀಚರ್ ಕೆಂಪು ಪೆನ್ನು ಮುಚ್ಚಿಟ್ಟು ಕೇಳಿದರು: “ಸರ, ಈ ವರ್ಷಕ್ಕ ಇಲ್ಲಿದು ಸಾಕು ಮಾಡೇನ್ರಿ. ಹತ್ತು ವರ್ಷ ಆತು. ಪಿಎಫ್ಫು, ಪಿಂಚಣಿ ಎಲ್ಲಾ ತಗದ ಬಿಡ್ಲೇನ್ರಿ? ಮಗಳ ಡಿಪ್ಲೊಮಾ ಫೀ ತುಂಬಬೇಕು.”

ಇಂಥ ಪ್ರಶ್ನೆ ಪ್ರತಿ ವರ್ಷ ಮಾರ್ಚ್‌ನಿಂದ ಜೂನ್ ತನಕ ನನಗೆ ಬರುತ್ತದೆ. ಖಾಸಗಿ ಶಾಲೆಗಳಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದ್ದೇನೆ, ಮೂರು ಶಾಲೆ ಬದಲಿಸಿದ್ದೇನೆ, ಒಮ್ಮೆ ಅವಸರ ಮಾಡಿ ಪಿಂಚಣಿಯ ಭಾಗವನ್ನು ತೆಗೆದು ಕಳೆದುಕೊಂಡಿದ್ದೇನೆ. ಮೊದಲ ಶಾಲೆಯಲ್ಲಿ ನಾಲ್ಕು ವರ್ಷ ದುಡಿದದ್ದು ಈಗ ನನ್ನ ಪಿಂಚಣಿ ಲೆಕ್ಕದಲ್ಲಿ ಎಲ್ಲೂ ಇಲ್ಲ. ಆ ನಾಲ್ಕು ವರ್ಷ ಮಾರಿದ ಹಣದಲ್ಲಿ ಒಂದು ಹಳೆಯ ಬೈಕ್ ಬಂತು, ಹೋಯಿತು. ಹಾಗಾಗಿ ಯಾರಾದರೂ “ತಗದ ಬಿಡ್ಲೇನ್ರಿ” ಅಂದಾಗ ಹೌದು ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ ಮುಂಚೆ ಅವರ ಫೋನಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆಸುತ್ತೇನೆ. ಆ ಟೀಚರ್ ಜೊತೆ ಕೂತು ಮಾಡಿದ್ದನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು, ನೀವು ಯಾವ ಯೋಜನೆಯಲ್ಲಿದ್ದೀರಿ?

ಸರ್ಕಾರಿ ಶಾಲೆಯ ಶಿಕ್ಷಕರಾಗಿ 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರು ಎನ್‌ಪಿಎಸ್‌ನಲ್ಲಿ, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿ ಇದ್ದೀರಿ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ನಿಮ್ಮದು, ಶೇ 14 ಸರ್ಕಾರದ್ದು. ನೌಕರಿಯಲ್ಲಿ ಇದ್ದುಕೊಂಡು ಇದರಿಂದ ಹೊರಗೆ ಬರಲು ದಾರಿಯಿಲ್ಲ. ರಾಜೀನಾಮೆ ಕೊಟ್ಟು ಹೋದರೆ ಕೂಡಿದ ಹಣದ ಕನಿಷ್ಠ ಶೇ 80ರಷ್ಟನ್ನು ತಿಂಗಳ ಪಿಂಚಣಿ ಕೊಡುವ ವಿಮಾ ಯೋಜನೆಗೇ ಹಾಕಬೇಕು, ಕೈಗೆ ಸಿಗುವುದು ಉಳಿದ ಐದನೇ ಒಂದು ಪಾಲು. ನಿವೃತ್ತಿಯಾಗಿ ಹೊರಬಂದರೆ ಆ ಶೇ 80 ಇರುವಲ್ಲಿ ಶೇ 40 ಸಾಕು. ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್ 1ಕ್ಕೂ ಮುಂಚಿನದಾಗಿದ್ದು ಆಮೇಲೆ ಸೇರಿದವರಿಗೆ ಹಳೆಯ ಪಿಂಚಣಿ ಆಯ್ದುಕೊಳ್ಳುವ ಅವಕಾಶವನ್ನು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಕೊಟ್ಟಿತ್ತು. ಸರ್ಕಾರಿ ನೌಕರರ ಮಾತು ಇಲ್ಲಿಗೆ ಸಾಕು.

ಈ ಬರಹ ಖಾಸಗಿ ಶಾಲೆ, ಪಿಯು ಕಾಲೇಜುಗಳಲ್ಲಿ ಪಾಠ ಮಾಡುವವರಿಗಾಗಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಗಲ್ಲಿಗೊಂದು ಇಂಗ್ಲಿಷ್ ಮೀಡಿಯಂ ಶಾಲೆ ಇದೆ. ಅಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುತ್ತಿದ್ದರೆ ಪಿಎಫ್ ಕಡ್ಡಾಯ. ಲೆಕ್ಕಕ್ಕೆ ಟೀಚರ್‌ಗಳಷ್ಟೇ ಅಲ್ಲ, ಆಯಾ, ಬಸ್ ಡ್ರೈವರ್, ಕ್ಲಾರ್ಕ್ ಎಲ್ಲರೂ ಬರುತ್ತಾರೆ.

“ಪಿಎಫ್ ಬ್ಯಾಡ ಅಂತ ಬರದ ಕೊಡ್ರಿ”

ಕೆಲಸಕ್ಕೆ ಸೇರುವಾಗಲೇ ಕೆಲವು ಕಡೆ ಈ ಮಾತು ಬರುತ್ತದೆ. ಕೈಗೆ ಪಗಾರ ಜಾಸ್ತಿ ಬರುತ್ತದೆ ಎಂಬ ಆಸೆ ತೋರಿಸುತ್ತಾರೆ. ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಾಗೆ ಬರೆದುಕೊಡಲು ನಿಮಗೂ ಅಧಿಕಾರವಿಲ್ಲ, ಬರೆಸಿಕೊಳ್ಳಲು ಅವರಿಗೂ ಇಲ್ಲ. ಅದಕ್ಕಿಂತ ಹೆಚ್ಚು ಪಗಾರವಿದ್ದು, ಹಿಂದೆ ಎಂದೂ ಪಿಎಫ್ ಸದಸ್ಯರಾಗಿರದಿದ್ದರೆ ಮಾತ್ರ ಹೊರಗುಳಿಯಬಹುದು. ಹಿಂದಿನ ಶಾಲೆಯ ಪಿಎಫ್ ಖಾತೆ ಇನ್ನೂ ಇದ್ದವರು ಸದಸ್ಯರೇ. ಹೊಸ ಶಾಲೆಯಲ್ಲಿ 25,000 ಪಗಾರವಿದ್ದರೂ ಅವರು ಮುಂದುವರಿಯಬೇಕು.

ಇನ್ನೊಂದು ಅನ್ಯಾಯವೂ ನಡೆಯುತ್ತದೆ. ಆಡಳಿತ ಮಂಡಳಿ ಕಟ್ಟಬೇಕಾದ ಪಾಲನ್ನೂ ಟೀಚರ್ ಪಗಾರದಿಂದಲೇ ಮುರಿದುಕೊಳ್ಳುತ್ತಾರೆ. ಮಾಲೀಕರ ಪಾಲನ್ನು ನೌಕರರ ಸಂಬಳದಲ್ಲಿ ಕಡಿಯುವಂತಿಲ್ಲ, ಇದು ಕಾನೂನಿನ ಸ್ಪಷ್ಟ ಮಾತು. ಹೀಗೆ ಎರಡೂ ಪಾಲು ಕಳೆದುಕೊಂಡ ಟೀಚರ್‌ಗಳಿಗೆ ಯೋಜನೆಯ ಮೇಲೇ ಸಿಟ್ಟು ಬರುತ್ತದೆ, “ಈ ಪಿಎಫ್ ಬ್ಯಾಡಾಗಿತ್ತು” ಅನ್ನುತ್ತಾರೆ. ಸಿಟ್ಟು ಮುಟ್ಟಬೇಕಾದ ಜಾಗ ಬೇರೆ.

ಎರಡು ಗಡಿಗೆಗಳನ್ನು ಬೇರೆ ಬೇರೆ ಇಟ್ಟು ನೋಡಿ

ಪಗಾರ 12,000 ಅಂತ ಹಿಡಿಯೋಣ. ನಿಮ್ಮಿಂದ ಶೇ 12, ಅಂದರೆ 1,440 ರೂಪಾಯಿ ಮುರಿಯುತ್ತಾರೆ. ಶಾಲೆಯವರೂ 1,440 ಹಾಕಬೇಕು. ನಿಮ್ಮ 1,440 ಪೂರ್ತಿಯಾಗಿ ಪಿಎಫ್ ಗಡಿಗೆಗೆ ಬೀಳುತ್ತದೆ. ಶಾಲೆಯ ಪಾಲು ಮಾತ್ರ ಒಡೆಯುತ್ತದೆ. ಪಗಾರದ ಶೇ 8.33, ಅಂದರೆ ಸುಮಾರು 1,000 ರೂಪಾಯಿ ಪಿಂಚಣಿ ಗಡಿಗೆಗೆ, ಉಳಿದ 440 ಪಿಎಫ್ ಗಡಿಗೆಗೆ. ಪಿಂಚಣಿಗೆ ಹೋಗುವ ಹಣಕ್ಕೆ 2014ರ ಸೆಪ್ಟೆಂಬರ್‌ನಿಂದ 15,000 ಪಗಾರದ ಮಿತಿ ಇದೆ, ಹಾಗಾಗಿ ತಿಂಗಳಿಗೆ 1,250ಕ್ಕಿಂತ ಹೆಚ್ಚು ಅಲ್ಲಿಗೆ ಹೋಗುವುದಿಲ್ಲ.

ಪಿಎಫ್ ಗಡಿಗೆಯಲ್ಲಿರುವುದು ನಿಮ್ಮ ಹೆಸರಿನ ಹಣ. ಬಡ್ಡಿ ಬೆಳೆಯುತ್ತದೆ, 2024-25ಕ್ಕೆ ಶೇ 8.25 ಕೊಟ್ಟಿದ್ದಾರೆ. ಕೆಲಸ ಬಿಟ್ಟು ಮನೆಯಲ್ಲಿದ್ದರೂ ನಿಮಗೆ 58 ಆಗುವ ತನಕ ಬಡ್ಡಿ ಬೀಳುತ್ತಲೇ ಇರುತ್ತದೆ. “ಮೂರು ವರ್ಷ ಮುಟ್ಟದಿದ್ದರೆ ಬಡ್ಡಿ ಬಂದ್” ಎಂದು ಹೆದರಿಸುವವರ ಮಾತಿಗೆ ಬಿದ್ದು ಹಣ ತೆಗೆಯಬೇಡಿ.

ಪಿಂಚಣಿ ಗಡಿಗೆಯ ಸ್ವಭಾವವೇ ಬೇರೆ. ಪಾಸ್‌ಬುಕ್‌ನಲ್ಲಿ ಪಿಂಚಣಿ ಕಾಲಂನ ಅಂಕಿ ನೋಡಿ “ನನ್ನ ರೊಕ್ಕ ಇಷ್ಟೈತಿ, ಬಡ್ಡಿ ಯಾಕಿಲ್ಲ?” ಅಂತ ಕೇಳುವವರು ಬಹಳ. ಅದು ನಿಮ್ಮ ಖಾತೆಯ ಹಣವಲ್ಲ, ದೇಶದ ಎಲ್ಲ ಸದಸ್ಯರ ಹಣ ಒಟ್ಟಿಗಿರುವ ನಿಧಿ. ಅಲ್ಲಿ ನಿಮ್ಮದು ಅಂತ ಇರುವುದು ವರ್ಷಗಳ ಲೆಕ್ಕ. 58 ಆದಾಗ ನಿಮಗೆ ಸಿಗುವ ತಿಂಗಳ ಪಿಂಚಣಿಯ ಸೂತ್ರ ಇಷ್ಟೇ: ಕೊನೆಯ 60 ತಿಂಗಳ ಸರಾಸರಿ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 12,000 ಪಗಾರ, 10 ವರ್ಷಕ್ಕೆ 1,714 ರೂಪಾಯಿ. ಪಗಾರ 15,000 ಮುಟ್ಟಿದ್ದರೆ 2,143. ಇಪ್ಪತ್ತು ವರ್ಷ ತುಂಬಿದವರಿಗೆ ಇನ್ನೆರಡು ವರ್ಷ ಸೇರಿಸಿ ಕೊಡುತ್ತಾರೆ, 15,000ಕ್ಕೆ 4,714 ಆಗುತ್ತದೆ. ದೊಡ್ಡ ಮೊತ್ತವೆಂದು ನಾನು ಹೇಳುವುದಿಲ್ಲ. ತುಟ್ಟಿಭತ್ಯೆಯಂತೆ ವರ್ಷ ವರ್ಷ ಏರುವುದೂ ಇಲ್ಲ. ಆದರೆ ಗಂಡ ಅಥವಾ ಹೆಂಡತಿ ತೀರಿಕೊಂಡ ಮೇಲೆ ಉಳಿದವರಿಗೆ ಅದರ ಅರ್ಧ ಬರುತ್ತದೆ. ಕನಿಷ್ಠ ಪಿಂಚಣಿ ತಿಂಗಳಿಗೆ 1,000.

ಪಿಂಚಣಿ ಕಾಲಂ ಪೂರ್ತಿ ಸೊನ್ನೆ ಇದ್ದರೆ ಗಾಬರಿ ಬೇಡ. 2014ರ ಸೆಪ್ಟೆಂಬರ್ 1ರ ನಂತರ 15,000ಕ್ಕಿಂತ ಹೆಚ್ಚು ಪಗಾರದಲ್ಲಿ ಮೊದಲ ಸಲ ಸೇರಿದವರಿಗೆ ಪಿಂಚಣಿ ಗಡಿಗೆಯೇ ಇಲ್ಲ, ಎಲ್ಲವೂ ಪಿಎಫ್‌ಗೆ ಹೋಗುತ್ತದೆ. ನಿಮಗೆ ಈ ಚಿಂತೆಯೂ ಇಲ್ಲ.

ಸೂಟಿ ತಿಂದ ತಿಂಗಳುಗಳು

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪಿಂಚಣಿಗೆ ಹತ್ತು ವರ್ಷ ಬೇಕು ಎಂಬುದು ಎಲ್ಲರಿಗೂ ಗೊತ್ತು. ಹತ್ತು ವರ್ಷ ಅಂದರೆ ಏನು ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಟೀಚರ್ ಫೋನಿನಲ್ಲಿ ಪಿಎಫ್ ಸಂಸ್ಥೆಯ ಯುಎಎನ್ ಪೋರ್ಟಲ್ ತೆರೆದೆವು. ಯುಎಎನ್ ಅಂದರೆ ಶಾಲೆ ಬದಲಾದರೂ ಬದಲಾಗದ ಪಿಎಫ್ ನಂಬರ್. ಹನ್ನೆರಡು ಅಂಕಿಯ ಆ ನಂಬರ್ ಅವರ ಹಳೆಯ ಪಗಾರ ಚೀಟಿಯಲ್ಲಿತ್ತು. ಪಾಸ್‌ಬುಕ್‌ನಲ್ಲಿ ವರ್ಷ ವರ್ಷ ತಿರುವಿದೆವು. ಜೂನ್, ಜುಲೈ, ಆಗಸ್ಟ್... ಮಾರ್ಚ್ ತನಕ ಸಾಲು ಸಾಲಾಗಿ ಅಂಕಿ. ಏಪ್ರಿಲ್ ಖಾಲಿ. ಮೇ ಖಾಲಿ. ಮತ್ತೆ ಜೂನ್. ಮುಂದಿನ ವರ್ಷವೂ ಹಾಗೇ. ಶಾಲೆಯವರು ಬ್ಯಾಸಗಿ ಸೂಟಿಗೆ ಪಗಾರ ಕೊಡುತ್ತಿರಲಿಲ್ಲ. ಪಗಾರ ಇಲ್ಲದ ತಿಂಗಳಿಗೆ ಪಿಎಫ್ ಇಲ್ಲ, ಪಿಎಫ್ ಇಲ್ಲದ ತಿಂಗಳು ಪಿಂಚಣಿ ಸೇವೆಗೆ ಸೇರುವುದಿಲ್ಲ. ವರ್ಷಕ್ಕೆ ಎರಡು ತಿಂಗಳಂತೆ ಹತ್ತು ವರ್ಷಕ್ಕೆ ಇಪ್ಪತ್ತು ತಿಂಗಳು ಹೋಯಿತು. ಉಳಿದದ್ದು ನೂರು ತಿಂಗಳು. ಎಂಟು ವರ್ಷ ನಾಲ್ಕು ತಿಂಗಳು.

“ಹತ್ತು ವರ್ಷ ದುಡದೇನ್ರಿ ಸರ. ನನ್ನ ಇಪ್ಪತ್ತು ತಿಂಗಳು ಎಲ್ಲಿ ಹೋದುವು?” ಅಂದರು. ಉತ್ತರ ಹೇಳಲು ನನಗೂ ಬಾಯಿ ಬರಲಿಲ್ಲ. ಆ ಎರಡು ತಿಂಗಳಲ್ಲೂ ಅವರು ಅಡ್ಮಿಶನ್ ಪ್ರಚಾರಕ್ಕೆ ಅಂತ ಮನೆ ಮನೆ ತಿರುಗಿದ್ದು ನನಗೆ ಗೊತ್ತಿತ್ತು.

ನೀವೂ ಇದನ್ನೇ ಮಾಡಿ. ಪೋರ್ಟಲ್‌ನಲ್ಲಿ ‘ಸರ್ವಿಸ್ ಹಿಸ್ಟರಿ’ ಅಂತ ಒಂದು ಪುಟವಿದೆ. ಅಲ್ಲಿ ಸೇರಿದ ದಿನಾಂಕ, ಬಿಟ್ಟ ದಿನಾಂಕದ ಜೊತೆಗೆ ‘ಎನ್‌ಸಿಪಿ ಡೇಸ್’ ಎಂಬ ಅಂಕಿ ಇರುತ್ತದೆ, ಅಂದರೆ ವಂತಿಗೆ ಬೀಳದ ದಿನಗಳು. ಅದನ್ನು ಕಳೆದು ಉಳಿದದ್ದೇ ನಿಮ್ಮ ಸೇವೆ. ವರ್ಷ ಮುಗಿದು ಮೇಲೆ ಉಳಿದ ತುಣುಕು ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಇದ್ದರೆ ಅದನ್ನು ಒಂದು ವರ್ಷ ಅಂತ ಹಿಡಿಯುತ್ತಾರೆ, ಹಾಗಾಗಿ ಒಂಬತ್ತೂವರೆ ವರ್ಷ ಮುಟ್ಟಿದವರು ಹತ್ತು ಮುಟ್ಟಿದಂತೆ. ಪಾಸ್‌ಬುಕ್‌ನ ಸಾಲುಗಳನ್ನು ಕೈಬೆರಳಲ್ಲೇ ಒಮ್ಮೆ ಎಣಿಸಿ.

ಎಣಿಸುವಾಗ ಸೂಟಿಯಲ್ಲದ ತಿಂಗಳೂ ಖಾಲಿ ಕಂಡರೆ ಅದು ಬೇರೆ ರೋಗ. ನನ್ನ ಎರಡನೇ ಶಾಲೆಯಲ್ಲಿ ಎಂಟು ತಿಂಗಳು ಪಗಾರದಿಂದ ಪಿಎಫ್ ಮುರಿದಿದ್ದರು, ಪಾಸ್‌ಬುಕ್‌ನಲ್ಲಿ ಒಂದು ಪೈಸೆ ಇರಲಿಲ್ಲ. ಪಗಾರ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಪುಟಗಳನ್ನು ಜೋಡಿಸಿ ಪಿಎಫ್ ಸಂಸ್ಥೆಯ ದೂರು ಪೋರ್ಟಲ್‌ಗೆ ಹಾಕಿದೆ. ಕೆಲವು ತಿಂಗಳಾದ ಮೇಲೆ ಅಷ್ಟೂ ಜಮಾ ಆಯಿತು. ಶಾಲೆ ಬಿಟ್ಟ ಮೇಲೆ ಪಗಾರ ಚೀಟಿ ಸಿಗುವುದು ಕಷ್ಟ, ಅದಕ್ಕೇ ರಾಜೀನಾಮೆ ಪತ್ರ ಕೊಡುವ ಮುಂಚೆ ಈ ಎಣಿಕೆ ಮುಗಿಸಿ.

ಈಗ ನಿರ್ಧಾರ: ಎಲ್ಲಿಗೆ ಹೋಗುತ್ತೀರಿ, ವಯಸ್ಸೆಷ್ಟು, ತಿಂಗಳೆಷ್ಟು

ಒಂದು ಶಾಲೆಯಿಂದ ಪಿಎಫ್ ಇರುವ ಇನ್ನೊಂದು ಶಾಲೆಗೆ ಹೋಗುತ್ತಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಯಾವುದನ್ನೂ ತೆಗೆಯಬೇಡಿ, ವರ್ಗಾಯಿಸಿ. ಹೊಸ ಶಾಲೆಗೆ ಅದೇ ಯುಎಎನ್ ಕೊಡಿ, ಹೊಸದನ್ನು ಮಾಡಿಸಿಕೊಳ್ಳಬೇಡಿ. ವರ್ಗಾವಣೆಯಾದ ಮೇಲೆ ಹೊಸ ಪಾಸ್‌ಬುಕ್‌ನಲ್ಲಿ ಹಳೆಯ ಪಿಎಫ್ ಹಣ ಕಾಣುತ್ತದೆ, ಹಳೆಯ ಪಿಂಚಣಿ ಹಣ ಕಾಣುವುದಿಲ್ಲ. “ಪಿಂಚಣಿ ರೊಕ್ಕ ನುಂಗಿದರು” ಅಂತ ಎಷ್ಟೋ ಜನ ಕಂಗಾಲಾಗುತ್ತಾರೆ. ಅಲ್ಲಿ ದಾಟಿಬರುವುದು ವರ್ಷಗಳು ಮಾತ್ರ, ಅವು ಸರ್ವಿಸ್ ಹಿಸ್ಟರಿಯಲ್ಲಿ ಇರುತ್ತವೆ.

ಹತ್ತು ವರ್ಷ ದಾಟಿದವರಿಗೆ ಪಿಂಚಣಿ ಭಾಗವನ್ನು ನಗದಾಗಿ ತೆಗೆಯುವ ದಾರಿ ಮುಚ್ಚಿದೆ. ನಿಮ್ಮ ಸೇವೆಯ ವರ್ಷಗಳನ್ನು ಬರೆದುಕೊಡುವ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಂಡು ಕಾಗದದ ಗಂಟಿನಲ್ಲಿ ಭದ್ರವಾಗಿಡಿ. 58ಕ್ಕೆ ಪಿಂಚಣಿ ಬರುತ್ತದೆ. 50 ಆದ ಮೇಲೆ ಬೇಗನೆ ಶುರು ಮಾಡಿಸಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ವರ್ಷಕ್ಕೆ ಶೇ 4ರಂತೆ ಕಡಿತ. ತಾಳ್ಮೆ ಇದ್ದು 60ರ ತನಕ ಮುಂದೂಡಿದರೆ ವರ್ಷಕ್ಕೆ ಶೇ 4 ಹೆಚ್ಚು.

ತಲೆಬಿಸಿ ಇರುವುದು ಹತ್ತಕ್ಕಿಂತ ಕಡಿಮೆ ವರ್ಷ ಇರುವವರಿಗೆ. ಇಲ್ಲಿ ನಾನು ಎರಡೂ ಕಡೆಯ ಮಾತು ಹೇಳಲೇಬೇಕು, ಯಾಕೆಂದರೆ “ಪಿಂಚಣಿ ತೆಗೆಯಲೇಬಾರದು” ಎಂಬ ಉಪದೇಶ ಎಲ್ಲರಿಗೂ ಸರಿಹೊಂದುವುದಿಲ್ಲ.

ಹತ್ತಕ್ಕಿಂತ ಕಡಿಮೆ ಸೇವೆಗೆ ಒಂದು ಕೋಷ್ಟಕದ ಪ್ರಕಾರ ಹಣ ಕೊಡುತ್ತಾರೆ. ಐದು ವರ್ಷಕ್ಕೆ ಕೊನೆಯ ಪಗಾರದ ಸುಮಾರು ಐದು ಪಟ್ಟು, ಒಂಬತ್ತು ವರ್ಷಕ್ಕೆ ಒಂಬತ್ತು ಪಟ್ಟಿಗಿಂತ ತುಸು ಹೆಚ್ಚು. ಅಂದರೆ ಕಟ್ಟಿದಷ್ಟೇ ಹೆಚ್ಚುಕಡಿಮೆ ವಾಪಸ್, ಬಡ್ಡಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಇದನ್ನು ಇನ್ನೂ ಹತ್ತು ವರ್ಷ ಮುಟ್ಟದೆ ಬಿಟ್ಟರೂ ಸಮಯಕ್ಕೆ ಬೆಳೆಯುವುದಿಲ್ಲ. ಹಾಗಾಗಿ ಮತ್ತೆ ಪಿಎಫ್ ಇರುವ ಕೆಲಸಕ್ಕೆ ಹೋಗುವುದೇ ಇಲ್ಲ ಎಂದು ಖಚಿತವಿರುವವರು ಇದನ್ನು ತೆಗೆಯುವುದೇ ಸರಿ. ಸರ್ಕಾರಿ ಶಿಕ್ಷಕರಾಗಿ ಆಯ್ಕೆಯಾಗಿ ಹೊರಟವರು ಇದರಲ್ಲಿ ಬರುತ್ತಾರೆ. ಅವರು ಮುಂದೆ ಎನ್‌ಪಿಎಸ್‌ನಲ್ಲಿರುತ್ತಾರೆ, ಇಲ್ಲಿಯ ಐದಾರು ವರ್ಷ ಹತ್ತು ಮುಟ್ಟುವ ದಾರಿ ಇಲ್ಲ. ಮೂವತ್ತು ವಯಸ್ಸಿನಲ್ಲಿ ಶಾಲೆ ಬಿಟ್ಟು ಗಂಡನ ಊರಿನಲ್ಲಿ ಸ್ವಂತ ಟ್ಯೂಷನ್ ಶುರು ಮಾಡುವ ಟೀಚರ್ ಕೂಡ ಬರುತ್ತಾರೆ. ಅವರು ಒಂದು ಲಕ್ಷ ತೆಗೆದು ಶೇ 7 ಬಡ್ಡಿಯ ಠೇವಣಿಯಲ್ಲಿ 28 ವರ್ಷ ನಿಜವಾಗಿಯೂ ಇಟ್ಟರೆ ಅದು ಆರೂವರೆ ಲಕ್ಷ ದಾಟುತ್ತದೆ. ಆಗ ಬಡ್ಡಿಯೇ ತಿಂಗಳಿಗೆ 3,800ರ ಮೇಲೆ, ಅಸಲು ಹಾಗೇ ಇರುತ್ತದೆ. ಹತ್ತು ವರ್ಷದ ಪಿಂಚಣಿ ಇದಕ್ಕೆ ಸಾಟಿಯಲ್ಲ.

ಆದರೆ ನಮ್ಮ ಟೀಚರ್ ವಯಸ್ಸು 44. ಅವರಿಗೆ ಸಿಗುವುದು ಸುಮಾರು ಒಂದು ಲಕ್ಷ. ಅದೇ ಶೇ 7ರಂತೆ ಹದಿನಾಲ್ಕು ವರ್ಷಕ್ಕೆ ಎರಡೂವರೆ ಲಕ್ಷ ಚಿಲ್ಲರೆ, ತಿಂಗಳ ಬಡ್ಡಿ 1,500. ಇನ್ನು ಇಪ್ಪತ್ತು ತಿಂಗಳು ದುಡಿದು ಹತ್ತು ತುಂಬಿಸಿದರೆ ಪಿಂಚಣಿ 1,714, ಮುಂದೆ ಪಗಾರ 15,000 ಆದರೆ ಎರಡು ಸಾವಿರದ ಮೇಲೆ. ಹದಿನಾಲ್ಕು ವರ್ಷ ಪಾಠ ಮಾಡುತ್ತಲೇ ಹೋದರೆ ಸೇವೆಯ ವರ್ಷಗಳೂ ಅದಕ್ಕೆ ಸೇರುತ್ತವೆ, ಹಳೆಯ ಎಂಟು ವರ್ಷಗಳೂ ಆವತ್ತಿನ ಪಗಾರದ ಲೆಕ್ಕದಲ್ಲೇ ಎಣಿಕೆಯಾಗುತ್ತವೆ. ಇಪ್ಪತ್ತು ವರ್ಷ ಮುಟ್ಟಿದರೆ ಮೊತ್ತ ಎರಡು ಪಟ್ಟಿಗೂ ಹೆಚ್ಚು. ವಯಸ್ಸು ನಲವತ್ತು ದಾಟಿ, ತಿಂಗಳು ಎಂಬತ್ತು ದಾಟಿದ್ದರೆ ನನ್ನ ಮಾತು ಒಂದೇ: ಏನಾದರೂ ಮಾಡಿ ಹತ್ತು ತುಂಬಿಸಿ.

ಮೇಲಿನ ಲೆಕ್ಕದಲ್ಲಿ “ನಿಜವಾಗಿಯೂ ಇಟ್ಟರೆ” ಎಂಬ ಮಾತನ್ನು ಮತ್ತೊಮ್ಮೆ ಓದಿ. ನವನಗರದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ-ಮನೆ ಕೊಟ್ಟು ಬಂದವರ ಮನೆಗಳಲ್ಲಿ ಪರಿಹಾರದ ಹಣದ ಕಥೆ ಇನ್ನೂ ಹೇಳುತ್ತಾರೆ. ಇಡಿಗಂಟಾಗಿ ಬಂತು, ಮದುವೆಗೆ ಹೋಯಿತು, ಗಾಡಿಗೆ ಹೋಯಿತು, ತಮ್ಮನ ಅಂಗಡಿಗೆ ಹೋಯಿತು. ಯಾರೂ ಹಾಳು ಮಾಡಬೇಕೆಂದು ಮಾಡಿದ್ದಲ್ಲ, ಮನೆಯಲ್ಲಿ ಗಂಟು ಇದೆ ಅಂದರೆ ಅದಕ್ಕೆ ಖರ್ಚು ಹುಡುಕಿಕೊಂಡು ಬರುತ್ತದೆ. ಟೀಚರ್ ಮನೆಗಳಲ್ಲೂ ಹಾಗೇ. ಜಾಸ್ತಿ ಬಡ್ಡಿ ಕೊಡುವ ಸೊಸೈಟಿಯಲ್ಲಿ ಇಡುತ್ತೇವೆ ಅನ್ನುವವರಿಗೆ ಒಂದು ಮಾತು: ಸಹಕಾರಿ ಸೊಸೈಟಿಯ ಠೇವಣಿಗೆ ಬ್ಯಾಂಕಿನ ಠೇವಣಿಗಿರುವ ಐದು ಲಕ್ಷದ ವಿಮೆ ಇರುವುದಿಲ್ಲ.

ಇನ್ನೊಂದನ್ನು ಯಾವ ಲೆಕ್ಕದಲ್ಲೂ ಹಿಡಿಯುವುದಿಲ್ಲ. ಪಿಎಫ್ ಇರುವ ಕೆಲಸದಲ್ಲಿದ್ದಾಗ ಟೀಚರ್ ತೀರಿಕೊಂಡರೆ, ಪಿಂಚಣಿಗೆ ಒಂದೇ ತಿಂಗಳು ಕಟ್ಟಿದ್ದರೂ ಸಾಕು, ಬಾಳಸಂಗಾತಿಗೆ ಪಿಂಚಣಿ ಬರುತ್ತದೆ. ಇಬ್ಬರು ಮಕ್ಕಳಿಗೆ 25 ವರ್ಷದ ತನಕ ಬೇರೆಯಾಗಿ ಬರುತ್ತದೆ. ಇದರ ಜೊತೆ ಠೇವಣಿ ಜೋಡಿತ ವಿಮೆಯಲ್ಲಿ ಏಳು ಲಕ್ಷದವರೆಗೆ ಸಿಗುತ್ತದೆ, ಅದಕ್ಕೆ ನೀವು ಒಂದು ರೂಪಾಯಿಯೂ ಕಟ್ಟಿರುವುದಿಲ್ಲ. “ಪಿಎಫ್ ಬ್ಯಾಡ” ಅಂತ ಬರೆದುಕೊಟ್ಟವರ ಮನೆಗೆ ಇದ್ಯಾವುದೂ ಇಲ್ಲ.

ಹಣ ಬೇಕೇ ಬೇಕು ಅಂದರೆ

ಮಗಳ ಫೀ ಕಾಯುವುದಿಲ್ಲ, ಅದೂ ನಿಜ. ಆಗ ಕೈ ಹಾಕಬೇಕಾದದ್ದು ಪಿಎಫ್ ಗಡಿಗೆಗೆ. ಕೆಲಸದಲ್ಲಿರುವಾಗಲೇ ಫಾರ್ಮ್ 31ರಲ್ಲಿ ಮಕ್ಕಳ ಓದು, ಮದುವೆ, ಮನೆ, ಕಾಯಿಲೆಗೆ ಮುಂಗಡ ತೆಗೆಯಬಹುದು. ಅದು ಸಾಲವಲ್ಲ, ವಾಪಸ್ ಕಟ್ಟಬೇಕಾಗಿಲ್ಲ, ಪಿಂಚಣಿಯ ಒಂದು ದಿನವೂ ಕಡಿಮೆಯಾಗುವುದಿಲ್ಲ. ಟೀಚರ್‌ಗೆ ಬೇಕಾದದ್ದು 40,000, ಅವರ ಪಿಎಫ್‌ನಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚಿತ್ತು.

ಪೂರ್ತಿ ತೆಗೆಯುವ ಮಾತಿಗೆ ಬಂದರೆ, ಕೆಲಸ ಬಿಟ್ಟು ಎರಡು ತಿಂಗಳು ಕಾದರೆ ಸಾಕು ಎಂಬುದು ಬಹುಕಾಲದ ನಿಯಮ. 2025ರ ಅಕ್ಟೋಬರ್ 13ರ ಸಭೆಯಲ್ಲಿ ಪಿಎಫ್ ಸಂಸ್ಥೆಯ ಕೇಂದ್ರ ಟ್ರಸ್ಟಿಗಳ ಮಂಡಳಿ ಈ ಕಾಯುವ ಅವಧಿಯನ್ನು ಪಿಎಫ್‌ಗೆ 12 ತಿಂಗಳು, ಪಿಂಚಣಿ ಭಾಗಕ್ಕೆ 36 ತಿಂಗಳು ಮಾಡುವ ತೀರ್ಮಾನ ಕೈಗೊಂಡಿತು. ಮುಂಗಡ ತೆಗೆಯುವುದನ್ನು ಸಲೀಸು ಮಾಡಿ, ಖಾತೆಯಲ್ಲಿ ಶೇ 25 ಉಳಿಯಬೇಕೆಂದೂ ತೀರ್ಮಾನಿಸಿತು. ನೀವು ಅರ್ಜಿ ಹಾಕುವ ದಿನ ಪೋರ್ಟಲ್ ಯಾವ ಅವಧಿ ತೋರಿಸುತ್ತದೋ ಅದನ್ನು ನೋಡಿಕೊಂಡೇ ರಾಜೀನಾಮೆಯ ತಾರೀಖು ಇಟ್ಟುಕೊಳ್ಳಿ. “ಜೂನ್‌ಗೆ ಬಿಟ್ಟರೆ ಆಗಸ್ಟ್‌ಗೆ ರೊಕ್ಕ” ಎಂದು ಯಾರಿಗೂ ಮಾತು ಕೊಡಬೇಡಿ.

ತೆರಿಗೆಯ ಮಾತು ಚಿಕ್ಕದು. ಒಟ್ಟು ಸೇವೆ ಐದು ವರ್ಷವಾಗುವ ಮುಂಚೆ ಪಿಎಫ್ ತೆಗೆದರೆ ತೆರಿಗೆ ಬೀಳುತ್ತದೆ. ಮೊತ್ತ 50,000 ಇದ್ದರೆ ಅಥವಾ ದಾಟಿದರೆ ಪ್ಯಾನ್ ಕೊಟ್ಟವರಿಗೆ ಶೇ 10, ಕೊಡದವರಿಗೆ ಅದರ ಎರಡು ಪಟ್ಟು ಟಿಡಿಎಸ್ ಹಿಡಿಯುತ್ತಾರೆ. ಎರಡು ಶಾಲೆಯ ಸೇವೆ ಸೇರಿ ಐದು ವರ್ಷವಾದರೂ ನಡೆಯುತ್ತದೆ, ಹಳೆಯ ಖಾತೆಯನ್ನು ವರ್ಗಾಯಿಸಿರಬೇಕು ಅಷ್ಟೇ.

ಕಾಗದದ ಕೆಲಸ

ಅರ್ಜಿ ತಿರಸ್ಕಾರವಾಗುವುದು ಬಹುತೇಕ ಹೆಸರು ಮತ್ತು ಹುಟ್ಟಿದ ದಿನಾಂಕದ ಮೇಲೆ. ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಮದುವೆಗೆ ಮುಂಚೆ ಅಪ್ಪನ ಹೆಸರು, ತವರಿನ ಅಡ್ಡಹೆಸರು ಇರುತ್ತದೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು, ಅವರ ಮನೆತನದ ಅಡ್ಡಹೆಸರು ಬರುತ್ತದೆ. ಯುಎಎನ್‌ನಲ್ಲಿ ಹಳೆಯದೇ ಕೂತಿರುತ್ತದೆ. ಹುಟ್ಟಿದ ದಿನವೂ ಹಾಗೆ. ಸಾಲಿಗೆ ಹಾಕುವಾಗ ಹೆಡ್ ಮಾಸ್ತರರು ಬರೆದ ಜೂನ್ 1 ಎಷ್ಟು ಟೀಚರ್‌ಗಳ ಜನ್ಮದಿನವೋ! ಮಾರ್ಕ್ಸ್ ಕಾರ್ಡ್‌ನಲ್ಲಿ ಜೂನ್ 1, ಆಧಾರ್‌ನಲ್ಲಿ ಬೇರೆ, ಪಿಎಫ್‌ನಲ್ಲಿ ಮತ್ತೊಂದು. ಈಗಿನ ಶಾಲೆಯಲ್ಲಿ ಇರುವಾಗಲೇ, ನೀವೂ ಶಾಲೆಯವರೂ ಸೇರಿ ಕೊಡುವ ಜಂಟಿ ಘೋಷಣೆಯ ಅರ್ಜಿ ಹಾಕಿ ಎಲ್ಲವನ್ನೂ ಆಧಾರ್‌ಗೆ ಸರಿಹೊಂದಿಸಿ. ಬಿಟ್ಟ ಮೇಲೆ ಶಾಲೆಯ ಸಹಿಗಾಗಿ ಗೇಟಿನ ಹೊರಗೆ ಕಾಯುವ ಪಾಡು ಬೇಡ.

ಶಾಲೆ ಬಿಟ್ಟ ದಿನಾಂಕವನ್ನು ಶಾಲೆಯವರು ಹಾಕಬೇಕು. ಹಾಕದಿದ್ದರೆ ಎರಡು ತಿಂಗಳ ನಂತರ ನೀವೇ ಪೋರ್ಟಲ್‌ನಲ್ಲಿ ಹಾಕಬಹುದು. ತಪ್ಪು ಹಾಕಿದರೆ ತಿದ್ದುವುದು ಕಷ್ಟ, ಕೊನೆಯ ವಂತಿಗೆ ಬಿದ್ದ ತಿಂಗಳನ್ನು ನೋಡಿಕೊಂಡು ಹಾಕಿ.

ಅರ್ಜಿಯಲ್ಲಿ ಎಡವುವ ಜಾಗ ಒಂದಿದೆ. ಫಾರ್ಮ್ 19 ಪಿಎಫ್‌ಗೆ, ಫಾರ್ಮ್ 10ಸಿ ಪಿಂಚಣಿ ಭಾಗಕ್ಕೆ. ಆನ್‌ಲೈನ್ ಅಂಗಡಿಯ ಹುಡುಗ ರೂಢಿಯಂತೆ ಎರಡನ್ನೂ ಒತ್ತಿಬಿಡುತ್ತಾನೆ. ಆ 10ಸಿಯಲ್ಲೇ ಹಣ ಬೇಡ, ಸ್ಕೀಮ್ ಸರ್ಟಿಫಿಕೇಟ್ ಕೊಡಿ ಎಂಬ ಆಯ್ಕೆಯೂ ಇದೆ. ಅದು ನಿಮ್ಮ ಕೈಯಲ್ಲಿದ್ದರೆ ಮುಂದೆ ಮತ್ತೆ ಸೇರಿದಾಗ ಹಳೆಯ ವರ್ಷಗಳು ಜೋಡುತ್ತವೆ. ನನ್ನ ನಾಲ್ಕು ವರ್ಷ ಹೋದದ್ದು ಇಲ್ಲೇ, ಇನ್ನೊಬ್ಬರ ಕೈಯಲ್ಲಿ ಮೌಸ್ ಇದ್ದಾಗ. ಓಟಿಪಿ ಹೇಳುವ ಮುಂಚೆ ಪರದೆಯ ಮೇಲೆ ಏನಿದೆ ಎಂದು ನೀವೇ ಓದಿ. “ಶೇಕಡಾ ಹತ್ತು ಕೊಡ್ರಿ, ಪೂರ್ತಿ ತಗಸಿ ಕೊಡ್ತೀವಿ” ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಈ ಕೆಲಸಕ್ಕೆ ಸರ್ಕಾರಿ ಶುಲ್ಕವೇ ಇಲ್ಲ.

ಎಲ್ಲೋ ಸಿಕ್ಕಿಕೊಂಡರೆ, ಪಿಎಫ್ ಸಂಸ್ಥೆಯವರು ಪ್ರತಿ ತಿಂಗಳ 27ರಂದು ಜಿಲ್ಲೆ ಜಿಲ್ಲೆಯಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ಮಾಡುತ್ತಾರೆ. ಪಗಾರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಣಿಸಿ ಬರೆದ ತಿಂಗಳ ಪಟ್ಟಿ ಹಿಡಿದು ಹೋಗಿ. ಪಟ್ಟಿ ಕೈಯಲ್ಲಿದ್ದರೆ ಅಲ್ಲಿ ಮಾತಾಡುವುದು ಸುಲಭವಾಗುತ್ತದೆ.

ಮನೆಗೆ ಬಂದು ಅದೇ ಪೋರ್ಟಲ್‌ನಲ್ಲಿ ಇ-ನಾಮಿನೇಶನ್ ಮುಗಿಸಿ. ಮದುವೆಗೆ ಮುಂಚೆ ಹಾಕಿದ ಅಪ್ಪ-ಅಮ್ಮನ ಹೆಸರೇ ಎಷ್ಟೋ ಖಾತೆಗಳಲ್ಲಿ ಉಳಿದಿದೆ. ಪಿಎಫ್‌ನಲ್ಲಿ ಮದುವೆಯಾದ ಮೇಲೆ ಹಳೆಯ ನಾಮಿನೇಶನ್ ಊರ್ಜಿತವಲ್ಲ, ಹೊಸದಾಗಿ ಹಾಕಬೇಕು.

ಟೀಚರ್ ಕೊನೆಗೆ ಫಾರ್ಮ್ 31 ಹಾಕಿ ಫೀ ತುಂಬಿದರು. 10ಸಿ ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ವಿದ್ಯಾಗಿರಿಯ ಒಂದು ಶಾಲೆಗೆ ಸಂದರ್ಶನಕ್ಕೆ ಹೋದರು. ಡೆಮೊ ಪಾಠ ಮುಗಿದ ಮೇಲೆ, ನೀವೇನಾದರೂ ಕೇಳುವುದಿದೆಯಾ ಎಂದಾಗ ಅವರು ಒಂದೇ ಪ್ರಶ್ನೆ ಕೇಳಿದರಂತೆ: “ಸೂಟಿ ಪಗಾರ ಕೊಡ್ತೀರೇನ್ರಿ? ಏಪ್ರಿಲ್, ಮೇ ಪಿಎಫ್ ಬೀಳ್ತೈತೇನ್ರಿ?” ಹನ್ನೆರಡು ತಿಂಗಳ ಪಗಾರವಾದರೆ ಇಪ್ಪತ್ತು ತಿಂಗಳಲ್ಲಿ ಹತ್ತು ತುಂಬುತ್ತದೆ, ಹತ್ತೇ ತಿಂಗಳಾದರೆ ಎರಡು ಪೂರ್ತಿ ಶಾಲಾ ವರ್ಷ ಬೇಕು ಎಂದು ಬಸ್ಸಿನಲ್ಲಿ ಕೂತು ಚೀಟಿಯ ಹಿಂದೆ ಲೆಕ್ಕ ಬರೆದುಕೊಂಡು ಹೋಗಿದ್ದರು.